ಒಂದು ತಂಬಿಗೆ ನೀರು

"ಮುಟ್ಟಬ್ಯಾಡ್ರಿ. ಬೆರಳು ಅಂಟಿಕೊಂಡ ಬಿಡತಾವ."

ಹಿಮ ಹಿಡಿದ ಪೈಪಿನಿಂದ ಸುಗಂಧಾ ಕೈ ಹಿಂದಕ್ಕೆ ಎಳೆದುಕೊಂಡಳು.

"ಅಂಟಿಕೊಂಡ್ರೂ ಛಲೋನ. ಇಲ್ಲೇ ನಿಂದ್ರತೀರಿ," ಎಂದು ಉತ್ತಮ ಕಣ್ಣಲ್ಲೇ ನಕ್ಕ. ಅವಳು ಕಿವಿ ಬಿಸಿಯಾಗಿ ರಜಿಸ್ಟರಿನ ಮೇಲೆ ಬಾಗಿದಳು.

ಅದು ತೊಂಬತ್ತಾರನೆಯ ಇಸವಿ. ನಿಪ್ಪಾಣಿಯಲ್ಲಿ ಅವಳ ಅಪ್ಪ ಭೀಮಗೊಂಡರ ಖಾರಪುಡಿ ಕಾರ್ಖಾನೆಗೆ ಹೊಸ ಮಷೀನು ಬಂದಿತ್ತು. ದ್ರವ ನೈಟ್ರೋಜನ್ನಿನ ಚಳಿಗೆ ಮೆಣಸಿನಕಾಯಿ ಗಾಜಿನಂತೆ ಗಡುಸಾಗಿ ಪುಡಿಯಾಗುತ್ತದೆ. ಬಣ್ಣ, ಪರಿಮಳ ಹಾಗೆಯೇ ಉಳಿಯುತ್ತವೆ. ಅದನ್ನು ಕೂಡಿಸಲು ಕೊಲ್ಹಾಪುರದಿಂದ ಬಂದ ಎಂಜಿನಿಯರ್ ಉತ್ತಮ. ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದ ಸುಗಂಧಾ ಅವನ ಪಕ್ಕ ಕೂತು ತಾಪಮಾನ ಬರೆದುಕೊಳ್ಳುತ್ತಿದ್ದಳು.

"ಕಾಯಿ ಖಡಕ್ ಒಣಗಿರಬೇಕ್ರಿ. ಹಸಿ ಇದ್ರ ಒಳಗ ಬರ್ಫ ಕಟ್ಟಿ ಜಾಮ್ ಆಗತೈತಿ," ಎಂದು ಅವನು ಮೊದಲ ದಿನವೇ ಅವಳಿಗೆ ಹೇಳಿದ್ದ.

ಮೂರು ಸಲ ಜಾಮ್ ಆಯಿತು. ಮೂರು ದಿನದ ಕೆಲಸ ಒಂಬತ್ತು ದಿನವಾಯಿತು. ರಜಿಸ್ಟರಿನಲ್ಲಿ 'ಕಾರಣ' ಎಂಬಲ್ಲಿ ಸುಗಂಧಾ ಮೂರು ಸಲವೂ 'ತಿಳಿದಿಲ್ಲ' ಎಂದು ಬರೆದಳು.

ತಿಳಿದಿತ್ತು. ಘಾಟು ಏಳಬಾರದೆಂದು ಕಾರ್ಖಾನೆಯ ಹಳೇ ಕೆಲಸದಾಕೆ ರುಕ್ಮವ್ವ ಇಪ್ಪತ್ತು ವರ್ಷಗಳಿಂದ ದಿನಾ ಮುಂಜಾನೆ ಕಾಯಿರಾಶಿಯ ಮೇಲೆ ಒಂದು ತಂಬಿಗೆ ನೀರು ಚಿಮುಕಿಸುತ್ತಿದ್ದಳು. ಇನ್ನು ಬೇಡವೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಸುಗಂಧಾ ಹೇಳಿದ್ದರೆ ಕೆಲಸ ಮುಗಿದು ಮರುದಿನವೇ ಉತ್ತಮ ಬಸ್ಸು ಹತ್ತುತ್ತಿದ್ದ.

ಹತ್ತನೆಯ ದಿನ ಭೀಮಗೊಂಡರ ತಾಳ್ಮೆ ತಪ್ಪಿತು. "ಮಷೀನ ಖೋಟಾ ಐತೇನ್ರಿ, ಸಾಹೇಬ್ರ?"

"ಮಷೀನ ಅಲ್ರಿ. ಆ ತಂಬಿಗಿ," ಎಂದು ಉತ್ತಮ ರುಕ್ಮವ್ವನ ಕಡೆ ಕೈ ತೋರಿಸಿದ.

ಮಧ್ಯಾಹ್ನದೊಳಗೆ ರುಕ್ಮವ್ವನ ಕೆಲಸ ಹೋಯಿತು. ಒಣಗಿದ ಕಾಯಿ ಹಾಕಿದ್ದೇ ತಡ, ಮಷೀನು ಕೆಂಪನೆ ಪುಡಿ ಸುರಿಯಿತು.

"ಒಂದ ಗುಟ್ಟ ಹೇಳ್ಲೇನ್ರಿ?" ಉತ್ತಮ ದನಿ ತಗ್ಗಿಸಿದ. "ಆಕಿ ನೀರ ಹೊಡಿಯೂದು ಎರಡನೇ ದಿನಾನ ನೋಡಿದ್ನಿ."

"ಮತ್ತ ಯಾಕ ಸುಮ್ಮನಿದ್ರಿ?"

"ಹೇಳಿದ್ರ ಇಷ್ಟ ದಿನಾ ನಿಮ್ಮ ಮಗ್ಗಲಕ ನನ್ನ ಯಾರ ಕುಂದರಸ್ತಿದ್ರು?" ಅವನ ಕಣ್ಣು ಅವಳ ಮುಖ ಬಿಡಲಿಲ್ಲ. "ನಾಳೆ ನಿಮ್ಮ ಅಪ್ಪಾರ ಕೂಡ ಮಾತಾಡ್ಲೇನ್ರಿ?"

ಒಂಬತ್ತು ದಿನ ಕಾದಿದ್ದ ಮಾತು. ತಾವಿಬ್ಬರೂ ಬೇಕೆಂದೇ ಸುಮ್ಮನಿದ್ದೆವೆಂದು ಅಪ್ಪನಿಗೆ ಹೇಳಿದರೆ ರುಕ್ಮವ್ವ ಉಳಿಯುತ್ತಿದ್ದಳು. ಉತ್ತಮ ಮತ್ತೆ ಈ ಗೇಟಿನೊಳಗೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ರುಕ್ಮವ್ವನೇ ಬಂದಳು. ತಂಬಿಗೆ ಸೆರಗಿನಲ್ಲಿತ್ತು. "ನಂದ ತಪ್ಪ ಯವ್ವಾ. ಮಷೀನದ ಸುದ್ದಿ ನನಗೇನ ತಿಳೀತೈತಿ." ಸುಗಂಧಾಳ ಗಲ್ಲ ಸವರಿ, ಉತ್ತಮನತ್ತ ನೋಡಿ ಪಿಸುಗುಟ್ಟಿದಳು: "ಛಲೋ ಹುಡುಗ ಅದಾನ. ಬಿಡಬ್ಯಾಡ."

ಆಕೆ ಗೇಟು ದಾಟುವವರೆಗೆ ಸುಗಂಧಾ ನೋಡುತ್ತ ನಿಂತಳು.

"ಏನಂತೀರಿ?" ಎಂದ ಉತ್ತಮ.

"ಮಾತಾಡ್ರಿ."

ಆಮೇಲೆ ರಜಿಸ್ಟರು ತೆರೆದು, ಮೂರೂ 'ತಿಳಿದಿಲ್ಲ'ಗಳನ್ನು ಹೊಡೆದುಹಾಕಿ, ತನ್ನ ದುಂಡು ಅಕ್ಷರಗಳಲ್ಲಿ ಮೂರು ಸಲ ಬರೆದಳು: ರುಕ್ಮವ್ವ.