ಹರಿಯುವ ನೀರಿಗೆ ಮೈಲಿಗೆಯಿಲ್ಲ

ಐವತ್ತೆಂಟರ ಮಳೆಗಾಲದಲ್ಲಿ ಊರಿನ ಮಡುವಿನಲ್ಲಿ ಈಜಿದ ಮಕ್ಕಳೆಲ್ಲ ವಾಂತಿಭೇದಿಯಿಂದ ಮಲಗಿದರು. ಹೇಮಾವತಿ ಹೊಳೆಯನ್ನು ಕೆಡಿಸಿದವರು ಮೇಲ್ದಂಡೆಯ ಹಟ್ಟಿಯವರೇ ಎಂದು ಊರು ತೀರ್ಮಾನಿಸಿಬಿಟ್ಟಿತು. ಅವರು ಹೊಳೆಗಿಳಿಯಕೂಡದು ಎಂದು ಕಟ್ಟಪ್ಪಣೆಯಾಯಿತು. ಹೊಳೆ ಕಣ್ಣೆದುರಿಗಿದ್ದರೂ ಹಟ್ಟಿಯ ಹೆಂಗಸರು ಗುಂಡಿಯ ಕೆಸರು ಸೋಸಿ ಕುಡಿಯುತ್ತಿದ್ದರು. ಎಂಥ ನ್ಯಾಯವಪ್ಪ ಇದು!

ಹೊಳೆನರಸೀಪುರದಿಂದ ಬಂದ ನರ್ಸ್ ಶಿವಗಂಗಮ್ಮ ಒಪ್ಪಲಿಲ್ಲ. "ಹಟ್ಟಿಯ ಮೇಲಿನ ನೀರು, ಕೆಳಗಿನ ನೀರು, ಮಡುವಿನ ನೀರು. ಮೂರನ್ನೂ ಹಾಸನದಲ್ಲಿ ಪರೀಕ್ಷೆ ಮಾಡಿಸೋಣ. ಎರಡೂ ಕಡೆಯವರು ನನ್ನ ಜೊತೆ ಬನ್ನಿ," ಎಂದಳು.

ಊರ ಪರವಾಗಿ ತಿಮ್ಮಪ್ಪಗೌಡ ಹೊರಟ. ಮಡುವಿನಲ್ಲಿ ಈಜಿದ್ದ ಅವನ ಮಗಳು ಪ್ರೇಮಕುಮಾರಿಯೂ ವಾಂತಿಭೇದಿಯಿಂದ ಮಲಗಿದ್ದಳು. ಹಿರಿಮಗನನ್ನು ಹಿಂದೆಯೇ ಹೊಳೆ ನುಂಗಿತ್ತು. ಇನ್ನಾವ ಮಗುವೂ ಹಾಗೆ ಹೋಗಬಾರದೆಂದು, ಹೊಳೆಯ ಸೆಳೆತ ಒಳಗೆ ಬರದಂತೆ ಮಡುವಿಗೆ ಅಡ್ಡಲಾಗಿ ಕಲ್ಲುಕಟ್ಟೆ ಹಾಕಿಸಿದವನು ಅವನೇ. ಹಟ್ಟಿಯ ಪರವಾಗಿ ಮಂಚಯ್ಯ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ಮುಂದೆ ನಡೆದ.

ದಂಡೆಯುದ್ದಕ್ಕೂ ದಾರಿಯೆಂಬುದೇ ಇರಲಿಲ್ಲ. ಬಿದಿರುಮೆಳೆಯ ಮುಳ್ಳು ಸೀರೆ ಹಿಡಿದೆಳೆಯಿತು, ಬಂಡೆಗಳು ಪಾಚಿಗಟ್ಟಿ ಜಾರಿದವು. ನಡುಹೊಳೆಯ ಹಾಸುಗಲ್ಲಿನ ಮೇಲೆ ನೀರುನಾಯಿಗಳು ಬಿಸಿಲಿಗೆ ಮೈ ಕಾಯಿಸುತ್ತಿದ್ದು, ಇವರನ್ನು ಕಂಡು ಒಂದೊಂದಾಗಿ ನೀರಿಗೆ ಧುಮುಕಿದವು. ಅವಕ್ಕೆ ಊರೂ ಒಂದೇ, ಹಟ್ಟಿಯೂ ಒಂದೇ.

ಶಿವಗಂಗಮ್ಮ ಬುಟ್ಟಿಯಿಂದ ಸೀಸೆ ತೆಗೆದಳು. "ಸೀಸೆ ನಾನು ಮುಟ್ಟಾಕಿಲ್ಲ ಗೌಡ್ರೇ. ಆಮ್ಯಾಕೆ ಮಂಚ ಏನೋ ಬೆರೆಸ್ದ ಅಂದೀರಿ," ಎಂದ ಮಂಚಯ್ಯ. ಹಟ್ಟಿಯ ಮೇಲೊಂದು, ಕೆಳಗೊಂದು ಸೀಸೆಯನ್ನು ಗೌಡನೇ ತುಂಬಿ ಬಿರಡೆ ಬಿಗಿದ.

ಹರಿಗೋಲಿನಲ್ಲಿ ಹಿಂತಿರುಗುವಾಗ ಸುಳಿ ಹಿಡಿಯಿತು.

ಹರಿಗೋಲು ಗಿರಗಿರ ತಿರುಗಿತು. ಬಂಡೆಗೆ ಬಡಿಯಿತು. ಗೌಡ ಹೊರಕ್ಕೆ ಜಾರಿದ, ಸೀಸೆಯ ಬುಟ್ಟಿಯೂ ಜಾರಿತು.

ಮಂಚಯ್ಯ ಬುಟ್ಟಿಯನ್ನು ಬಿಟ್ಟು ಗೌಡನ ರಟ್ಟೆ ಹಿಡಿದ.

ದಡ ಮುಟ್ಟಿ ಉಸಿರು ಬಂದ ಮೇಲೆ ಮಂಚಯ್ಯನೇ ಅಂದ, "ಮುಟ್ಬುಟ್ಟೆ ಗೌಡ್ರೇ."

"ಅರಿಯೋ ನೀರ್ಗೆ ಮೈಲಿಗೆ ಇಲ್ಲ, ಸುಮ್ಕಿರ್ಲಾ!"

ಬುಟ್ಟಿ ದೂರದ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. "ಹೋಗಲಿ ಬಿಡಿ," ಎಂದಳು ಶಿವಗಂಗಮ್ಮ.

"ಓಗ್ಲಾ? ಗೌಡ ಬೇಕಂತ್ಲೇ ಮುಳುಗಿಸ್ದ ಅಂತ ನಾಳೆ ಅಟ್ಟಿ ಆಡ್ಕಳಾಕಿಲ್ವಾ?" ಎಂದು ಗೌಡ ಎದೆಮಟ್ಟದ ನೀರಿಗಿಳಿದ. ಮಗನನ್ನು ನುಂಗಿದ ನೀರು ಅದು. ಬುಟ್ಟಿಯನ್ನು ತಲೆಯ ಮೇಲಿಟ್ಟು ತಂದ. ಸೀಸೆಗಳು ಒಡೆದಿರಲಿಲ್ಲ.

ಮಡುವಿನ ಸೀಸೆಯನ್ನೂ ತುಂಬಿಕೊಂಡು ಹಾಸನಕ್ಕೆ ಹೋದ ಶಿವಗಂಗಮ್ಮ ಮುಂದಿನ ವಾರ ಬಂದು, ಮಡುವಿನ ದಂಡೆಯಲ್ಲೇ ಊರನ್ನೂ ಹಟ್ಟಿಯನ್ನೂ ಸೇರಿಸಿದಳು.

"ಹಟ್ಟಿಯ ಮೇಲೂ ಕೆಳಗೂ ಹೊಳೆ ಒಂದೇ ಥರ ಇದೆ, ದೋಷವಿಲ್ಲ. ರೋಗಾಣು ತುಂಬಿರೋದು ಇಲ್ಲಿ. ನಿಮ್ಮ ತಿಪ್ಪೆ, ಹಿತ್ತಿಲಿನ ಹೊಲಸು ಮಳೆಗೆ ಕೊಚ್ಚಿಕೊಂಡು ಮಡುವಿಗೆ ಬರುತ್ತೆ. ನೀರು ಹರಿದು ಹೋಗೋದಕ್ಕೆ ಕಟ್ಟೆ ಬಿಡೋದಿಲ್ಲ. ಮೊದಲು ಚರಂಡಿ ತಿರುಗಿಸಿ. ಆಮೇಲೆ..." ಅವಳು ಕಟ್ಟೆಯ ಕಡೆ ನೋಡಿದಳು.

ಎಲ್ಲರೂ ಗೌಡನ ಮುಖ ನೋಡಿದರು.

ಅವನು ಪಂಚೆ ಎತ್ತಿ ಕಟ್ಟಿ, ಮಡುವಿಗಿಳಿದು, ಕಟ್ಟೆಯ ಮೇಲಿನ ಕಲ್ಲಿಗೆ ಕೈಯಿಟ್ಟ. ಅದು ಒಬ್ಬನಿಗೆ ಜಗ್ಗಲಿಲ್ಲ.

"ಮಂಚಯ್ಯ," ಎಂದ. ಬರಿ ಮಂಚ ಎನ್ನದೆ ಹಾಗೆ ಕರೆದದ್ದು ಅದೇ ಮೊದಲು. "ಆ ಕಡೆ ಇಡ್ಕಳಪ್ಪ. ಈಜೋ ಮಕ್ಳಿಗೆ ಇನ್ಮ್ಯಾಕೆ ನಾನೇ ಕಾವಲು ಕೂತ್ಕತೀನಿ."

ಕಲ್ಲು ಉರುಳಿತು. ಹೊಳೆ ಒಳಗೆ ನುಗ್ಗಿತು.

ಆ ಸಂಜೆ ಹಟ್ಟಿಯ ಮಾದಮ್ಮ ಕೊಡ ಹಿಡಿದು ಹೊಳೆಗಿಳಿದಳು. ಯಾರೂ ಬೇಡವೆನ್ನಲಿಲ್ಲ.