ಗುಲಾಬಿ ಪಟ್ಟಿಯ ಹತ್ತೊಂಬತ್ತು ಮರಗಳು

ಬೆಳಿಗ್ಗೆ ಒಂಬತ್ತಕ್ಕೆ ಕೋಸ್ಟಾ ವ್ಲಾಹೋಸ್ ಗಾಡಿಯ ಬಾನೆಟ್ ಮೇಲೆ ನಕ್ಷೆ ಬಿಡಿಸಿ, ಅಂಚಿನ ಸೂಚನೆ ಓದಿ ಹೇಳಿದ. ಲೋರ್ನಾ ಟ್ರೇಸಿ ನಕ್ಷೆಯನ್ನು ತನ್ನ ಕಡೆ ಎಳೆದುಕೊಂಡು ತಾನೇ ಮತ್ತೊಮ್ಮೆ ಓದಿದಳು.

ಕುರಿ ಸಾಕುವ ಕೋಸ್ಟಾ ಊರಿನ ಬೆಂಕಿ ದಳದ ಸ್ವಯಂಸೇವಕ. ಕೊರಂಬಿನ್ ಬೆಟ್ಟದ ನೀಲಗಿರಿ ಕಾಡಿಗೆ ನಾಳೆ ತಣ್ಣನೆ ಬೆಂಕಿ ಇಡಬೇಕಿತ್ತು. ನೆಲದ ತರಗನ್ನಷ್ಟೇ ಸುಟ್ಟು, ಬೇಸಿಗೆಯ ಕಾಳ್ಗಿಚ್ಚಿಗೆ ಮೇವು ಉಳಿಸದ ಬೆಂಕಿ ಅದು. ದಳದವರು ಬೆಂಕಿ ಹಚ್ಚುತ್ತ ಸಾಗುವ ರೇಖೆಯ ಪಕ್ಕ, ಕೆಲಸಗಾರರ ಮೇಲೆ ಉರುಳಬಹುದಾದ ಟೊಳ್ಳು ಮರಗಳನ್ನು ಇವತ್ತು ಮಧ್ಯಾಹ್ನ ಒಂದರಿಂದ ಕಡಿಯುತ್ತಾರೆ. ಕಡಿಯುವ ಮರಕ್ಕೆ ಗುರುತು ಗುಲಾಬಿ ಪಟ್ಟಿ ಎನ್ನುತ್ತಿತ್ತು ಅಂಚಿನ ಸೂಚನೆ.

ಹೋದ ತಿಂಗಳು ಅದೇ ರೇಖೆಯುದ್ದಕ್ಕೂ ಹತ್ತೊಂಬತ್ತು ಮರಗಳಿಗೆ ಗುಲಾಬಿ ಪಟ್ಟಿ ಕಟ್ಟಿ ಬಂದವಳು ಲೋರ್ನಾ. ಇಪ್ಪತ್ತೆರಡು ವರ್ಷಗಳಿಂದ ಕಾಡುಪ್ರಾಣಿಗಳ ಗಣತಿ ಮಾಡುವ ಅವಳಿಗೆ ಗುಲಾಬಿ ಎಂದರೆ 'ಗ್ಲೈಡರ್ ಮನೆ, ಮುಟ್ಟಬೇಡಿ'. ಬೆಕ್ಕಿನ ಗಾತ್ರದ, ಚರ್ಮ ಹರಡಿ ಮರದಿಂದ ಮರಕ್ಕೆ ತೇಲುವ ಆ ಪ್ರಾಣಿಗೆ ಪೊಟರೆ ಬೇಕು. ನೀಲಗಿರಿಯಲ್ಲಿ ಅಂಥ ಪೊಟರೆ ಬೀಳಲು ಇನ್ನೂರು ವರ್ಷ ಬೇಕು. ಹಿಂದಿನ ಕಾಳ್ಗಿಚ್ಚಿನಿಂದ ಉಳಿದಿದ್ದು ಆ ಹತ್ತೊಂಬತ್ತು ಮರಗಳ ಸಂಸಾರಗಳು ಮಾತ್ರ. ತನ್ನ ಬಣ್ಣದ ಅರ್ಥವನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರನ್ನೂ ಕೇಳಿರಲೂ ಇಲ್ಲ.

ಕಡಿಯುವವರು ಬೆಟ್ಟದ ಆಚೆ ಬದಿಯಿಂದ ಹತ್ತಿದ್ದರು. ವಾಕಿಟಾಕಿ ಬೆಟ್ಟ ದಾಟುವುದಿಲ್ಲ. ರಸ್ತೆಯಲ್ಲಿ ಸುತ್ತಿದರೆ ಆರು ಗಂಟೆಯ ದಾರಿ. ನೇರ ಹತ್ತಿದರೆ ನಾಲ್ಕು, ಆದರೆ ನಡುವೆ ತುಂಬಿದ ಹಳ್ಳ. ಲೋರ್ನಾ ಮತ್ತು ಕೋಸ್ಟಾ ನೇರವೇ ಹತ್ತಲು ಹೊರಟರು.

ತಾನೂ ಬರುತ್ತೇನೆಂದರು ಅಂಕಲ್ ಮರ್ವ್. ಆ ನೆಲದ ಮೂಲ ಜನರ ಹಿರಿಯರು, ಎಪ್ಪತ್ತು ದಾಟಿದೆ, ತಣ್ಣನೆ ಬೆಂಕಿಯ ವಿದ್ಯೆ ಅವರ ಮನೆತನದ್ದು. ಊರಿಗೆಲ್ಲ ಅವರು ಅಂಕಲ್. ಕೋಸ್ಟಾ ಮುದುಕರ ಮೊಣಕಾಲನ್ನು ಅನುಮಾನದಿಂದ ನೋಡಿದ.

"ನಿನ್ ಕುರಿಗಳಿಗಿಂತ ಚೆನ್ನಾಗೇ ಹತ್ತುತ್ತೆ ಅದು," ಎಂದು ಅವರು ತರಗು ಗೋರುವ ಕಬ್ಬಿಣದ ಹಲ್ಲಿನ ಗೋರೆ ಹೆಗಲಿಗೇರಿಸಿದರು. ಹಳ್ಳಕ್ಕೆ ಊರುಗೋಲಾಗುತ್ತದೆ ಎಂದು ಉಳಿದಿಬ್ಬರಿಗೂ ಒಂದೊಂದು ಹೊರಿಸಿದರು.

ಹಳ್ಳ ಸೊಂಟದ ಮಟ್ಟ ಹರಿಯುತ್ತಿತ್ತು. ಅಂಕಲ್ ದಾಟಿದರು. ಲೋರ್ನಾ ದಾಟಿದಳು.

ಕೋಸ್ಟಾ ಜಾರಿದ. ನೀರು ಅವನನ್ನು ಎಳೆಯಿತು.

ಅಂಕಲ್ ಗೋರೆ ಚಾಚಿ ಅವನ ಚೀಲದ ಪಟ್ಟಿಗೆ ಹಲ್ಲು ಸಿಕ್ಕಿಸಿ ಎಳೆದರು. ದಡಕ್ಕೆ ಬಿದ್ದವನನ್ನು, ಕುರಿ ಸ್ನಾನ ಆಯಿತೇ ಎಂದು ಕೇಳಿ ಮುಂದೆ ನಡೆದರು.

ಮೇಲೆ ಹೋದಂತೆ ಮಂಜು ಕವಿಯಿತು. ಬಂಡೆಗಳ ರಾಶಿ ದಾಟಿದ ಮೇಲೆ ಸುಟ್ಟ ಕಾಡು ಎದುರಾಯಿತು. ಕರಿ ಕಾಂಡಗಳ ಮೈತುಂಬ ಕೆಂಪು ಚಿಗುರು ಮುತ್ತಿತ್ತು, ಬುಡದಲ್ಲಿ ಒರಟು ಹುಲ್ಲಿನ ಪೊದೆಗಳು ಮತ್ತೆ ಎದ್ದಿದ್ದವು. ಎಲ್ಲವೂ ಎಳೆಯ ಮರಗಳೇ, ಒಂದು ಪೊಟರೆಯೂ ಇಲ್ಲ. ಅದರಾಚೆ ಹಳೆಯ ಕಾಡು ಶುರುವಾಯಿತು. ಮಳೆಗೆ ನೆನೆದ ಬಿಳಿ ಕಾಂಡಗಳಲ್ಲಿ ಹಸಿರು ಮತ್ತು ಕಿತ್ತಳೆ ಪಟ್ಟೆಗಳು ಎದ್ದು ಕಾಣುತ್ತಿದ್ದವು. ಕಳಚಿದ ತೊಗಟೆ ಉದ್ದುದ್ದ ಜೋತು ಗಾಳಿಗೆ ಸರಸರ ಸದ್ದು ಮಾಡುತ್ತಿತ್ತು.

ಹನ್ನೆರಡೂವರೆಗೆ ಗರಗಸ ಯಂತ್ರ ಮೊರೆಯಿತು. ಹೊತ್ತಿಗೆ ಮುಂಚೆಯೇ ಶುರುಮಾಡಿದ್ದರು.

ಓಡಿದರು. ಒಂದು ಮರ ಆಗಲೇ ಉರುಳಿತ್ತು. ಅದರ ಪೊಟರೆಯಲ್ಲಿ ಎಲೆಯ ಹಾಸಿಗೆ ಇತ್ತು, ಪ್ರಾಣಿ ಇರಲಿಲ್ಲ.

ಗರಗಸ ಎರಡನೆಯ ಮರಕ್ಕೆ ಇಳಿದಿತ್ತು. ಕಡಿಯುವವಳ ಕಿವಿಗೆ ಮುಚ್ಚಳ, ಕೂಗಿದರೆ ಕೇಳದು. ಹಿಂದಿನಿಂದ ಹತ್ತಿರ ಹೋಗುವುದು ಸಾವನ್ನು ಕರೆದಂತೆ. ಆದರೆ ಕೊನೆಯ ಕೊಯ್ತಕ್ಕೆ ಮುನ್ನ ಮರ ಬೀಳುವ ಕಡೆ ಕಣ್ಣು ಹಾಯಿಸುವುದು ಆ ಕೆಲಸದವರ ಕಡ್ಡಾಯ ರೂಢಿ. ಲೋರ್ನಾ ಸುತ್ತು ಹಾಕಿ ಓಡಿ, ಮರ ಬೀಳುವ ಜಾಗದಲ್ಲೇ ಹೋಗಿ ನಿಂತು ಎರಡೂ ಕೈ ಎತ್ತಿದಳು.

ಗರಗಸ ನಿಂತಿತು.

"ಸಾಯಕ್ಕೆ ಬೇರೆ ಜಾಗ ಸಿಗ್ಲಿಲ್ವಾ ನಿಂಗೆ?" ಎಂದಳು ಗರಗಸ ಹಿಡಿದಿದ್ದವಳು, ಕಡಿಯುವ ತಂಡದ ಮುಖ್ಯಸ್ಥೆ ರೇಲೀನ್ ಡಾಬ್ಸ್.

"ಆ ಪಟ್ಟಿ ಕಟ್ಟಿದ್ದು ನಾನು. ಕಡೀಬೇಡಿ ಅಂತ ಕಟ್ಟಿದ್ದು. ಬಣ್ಣ ಕೇಳ್ದೆ ಕಟ್ದೆ, ತಪ್ಪು ನಂದೇ."

ರೇಲೀನ್ ಸುಲಭಕ್ಕೆ ಬಗ್ಗಲಿಲ್ಲ. ಮರ ಬೀಳುವ ಬದಿಗೆ ಹಾಕುವ ಮೊದಲ ಕಚ್ಚಷ್ಟೇ ಬಿದ್ದಿದ್ದರಿಂದ ಈ ಮರ ನಿಲ್ಲುತ್ತದೆ, ಸರಿ. ಆದರೆ ಬೆಂಕಿ ಟೊಳ್ಳಿಗೆ ನುಗ್ಗಿದರೆ ಮರ ಬೀಳುವುದು ತನ್ನ ಹುಡುಗರ ತಲೆ ಮೇಲೆ ಎಂದಳು. ಅವಳ ಮಾತೂ ನ್ಯಾಯವೇ.

ಬುಡದ ಸುತ್ತ ನಾಲ್ಕು ಹೆಜ್ಜೆ ತರಗು ಗೋರಿ ತೆಗೆದು, ಅದರಾಚೆಯ ಒಂದು ಸುತ್ತು ನೆಲವನ್ನು ಇವತ್ತೇ ತಾನು ಮೆಲ್ಲಗೆ ಸುಡುತ್ತೇನೆಂದರು ಅಂಕಲ್. "ನಾಳೆ ಬೆಂಕಿ ಬಂದಾಗ ಇಲ್ಲಿ ತಿನ್ನಕ್ಕೆ ಏನೂ ಇರಲ್ಲ. ಹಸ್ಕೊಂಡೇ ಮುಂದಕ್ಕೆ ಹೋಗುತ್ತೆ."

"ಸಂಜೆವರೆಗೂ ಟೈಮು. ಉಳಿದಿದ್ದನ್ನ ಕಡೀತೀನಿ," ಎಂದಳು ರೇಲೀನ್.

ಮೂವರೂ ಗೋರಿದರು. ಗೋರಿದ ಜಾಗದಾಚೆ ಅಂಕಲ್ ಸಣ್ಣ ಬೆಂಕಿ ಇಡುತ್ತ ಬಂದರು. ಅಂಗೈ ಬೊಬ್ಬೆ ಬಂದು ಒಡೆಯಿತು. ನಾಲ್ಕು ಗಂಟೆಗೆ ಇನ್ನೂ ಒಂಬತ್ತು ಮರ ಬಾಕಿ. ರೇಲೀನ್ ಗಡಿಯಾರ ನೋಡಿದಳು, ಲೋರ್ನಾಳ ಕೈ ನೋಡಿದಳು, ಬೈದುಕೊಳ್ಳುತ್ತ ತನ್ನ ಗೋರೆ ಎತ್ತಿಕೊಂಡಳು. ಅವಳ ಹುಡುಗರೂ ಬಂದರು. ಹೊತ್ತು ಮುಳುಗುವಷ್ಟರಲ್ಲಿ ಹದಿನೆಂಟೂ ಮುಗಿದವು.

ಮರುದಿನ ಬೆಂಕಿ ಮೊಣಕಾಲೆತ್ತರ ಮೀರದೆ ಕಾಡನ್ನು ದಾಟಿಹೋಯಿತು. ಒಂದು ಮರವೂ ಹೊತ್ತಲಿಲ್ಲ.

ಅದರ ಮರುಬೆಳಿಗ್ಗೆ ಲೋರ್ನಾ ಕಚ್ಚು ಬಿದ್ದ ಮರದ ಬುಡದಲ್ಲಿ ಮಂಡಿಯೂರಿದಳು. ಗೋರಿದ ನೆಲಕ್ಕೆ ಹಾರಿಬಂದ ಬೂದಿಯ ಮೇಲೆ ಗ್ಲೈಡರ್ ಹಿಕ್ಕೆಗಳು ಬಿದ್ದಿದ್ದವು, ಹೊಸವು, ಒಂದಿಷ್ಟೂ ಸುಟ್ಟಿರಲಿಲ್ಲ. ಸಂಸಾರ ಮೇಲೆ ಕ್ಷೇಮವಾಗಿತ್ತು. ಅವಳಿಗೆ ಕಣ್ಣು ತುಂಬಿ ಬಂತು.

"ಹಿಕ್ಕೆ ನೋಡಿ ಅಳೋರ್ನ ಇದೇ ಫಸ್ಟು ನೋಡ್ತಿರೋದು," ಎಂದ ಕೋಸ್ಟಾ.

ರೇಲೀನ್ ಮರದ ಗುಲಾಬಿ ಪಟ್ಟಿ ಬಿಚ್ಚಿದಳು. "ಇನ್ಮೇಲೆ ಇದಕ್ಕೆ ಯಾವ ಬಣ್ಣ?"

"ನೀನೇ ಹೇಳು," ಎಂದಳು ಲೋರ್ನಾ.

ರೇಲೀನ್ ಜೇಬಿನಿಂದ ನೀಲಿ ಸುರುಳಿ ತೆಗೆದಳು. ಹದಿನೆಂಟು ಮರಗಳಿಗೂ ಇಬ್ಬರೂ ಸೇರಿ ಕಟ್ಟಿ, ಹಳ್ಳದ ಕಡೆ ಇಳಿದರು.