ಜೊತೆಗೆ ಬಂದವರು

ಎದುರಿನ ಕುರ್ಚಿಗೆ ಬಂದ ರಾಮಲಿಂಗಂ, ನಾಚಿಯಮ್ಮನನ್ನು ಕಂಡೊಡನೆ ಮುಖ ತಿರುಗಿಸಿಬಿಟ್ಟರು.

ಇಷ್ಟು ದಿನ ಅವಳು ಕಾದದ್ದು ಈ ಮುಖ ನೋಡಲಿಕ್ಕೇ...?

ತಮಿಳುನಾಡಿನ ಪಲ್ಲಡಂನ ಕಲ್ಯಾಣ ಮಂಟಪದಲ್ಲಿ ಅಂದು ಶಿಬಿರ. ಬಿ.ಪಿ. ಇರುವ ವಯಸ್ಸಾದವರಿಗೆಲ್ಲ ಎಕೋ ಸ್ಕ್ಯಾನ್ ಮಾಡಿ, ಹೃದಯಕ್ಕೇನಾದರೂ ಆಗಿದೆಯೇ ಎಂದು ನೋಡುತ್ತಿದ್ದರು.

ಇಬ್ಬರೂ ಒಂದೇ ಬೀದಿಯ ಮಗ್ಗದ ಮನೆಯವರು. ಅವಳಿಗೆ ಗಂಡ ಇಲ್ಲ, ಅವರಿಗೆ ಹೆಂಡತಿ ಇಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ, "ನನ್ನ ಜೊತೆ ಬಂದು ಇದ್ಬಿಡು ನಾಚಿ" ಎಂದು ಅವರೇ ಕೇಳಿದ್ದರು. ಅವಳು ಹೂಂ ಎನ್ನುವಷ್ಟರಲ್ಲಿ ಅವಳ ಮನೆ ಕಡೆ ಬರುವುದನ್ನೇ ನಿಲ್ಲಿಸಿದರು. ಪೊಂಗಲ್ ಮುಗಿದರೂ ಇತ್ತ ಸುಳಿದಿರಲಿಲ್ಲ.

ಊರಿನ ಬಾಯಿಗೆ ಹೆದರಿದರು. ಗಂಡಸರ ಧೈರ್ಯವೇ ಇಷ್ಟು! ಹಾಗೆಂದುಕೊಂಡೇ ಅವಳು ಅತ್ತು ಸಾಕಾಗಿದ್ದಳು.

"ಯಾಕೆ ಬರ್ಲಿಲ್ಲ ನೀವು?" ತಡೆಯಲಾರದೆ ಮೆಲ್ಲಗೆ ಕೇಳಿದಳು.

"ಸುಮ್ನಿರು. ಎಲ್ಲಾರೂ ನೋಡ್ತಾರೆ."

"ಬೇಡ ಅಂತಾದ್ರೂ ಹೇಳ್ಬೋದಿತ್ತಲ್ಲ..."

ರಾಮಲಿಂಗಂ ನೆಲ ನೋಡಿದರು. "ಕೊಯಮತ್ತೂರಲ್ಲಿ ಡಾಕ್ಟರ್ ನೋಡಿದ್ರು. ಪ್ರೆಶರ್‌ನಿಂದ ಹೃದಯದ ಗೋಡೆ ದಪ್ಪ ಆಗೋಯ್ತಂತೆ. ನಿನ್ನ ಗಂಡನೂ ಪ್ರೆಶರ್‌ನಲ್ಲೇ ಬಿದ್ದು ಹಾಸಿಗೆ ಹಿಡಿದ್ರು. ವರ್ಷಗಟ್ಟಲೆ ನೀನೇ ಎತ್ತಿ ಇಳಿಸ್ದೆ. ಪೋದುಂ ನಾಚಿ, ಸಾಕು. ಇನ್ನೊಂದ್ಸಲ ಬೇಡ ನಿಂಗೆ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಇದನ್ನೊಬ್ಬರೇ ಹೊತ್ತುಕೊಂಡು ತಿರುಗಿದರಲ್ಲ ಈ ಮನುಷ್ಯ...

ಅಷ್ಟರಲ್ಲಿ ಅವರನ್ನು ಒಳಗೆ ಕರೆದರು. ಬಹಳ ಹೊತ್ತಾದ ಮೇಲೆ ನರ್ಸ್ ಸೆಲ್ವಿ ಪರದೆ ಸರಿಸಿ ಕೇಳಿದಳು, "ರಾಮಲಿಂಗಂ ಅಯ್ಯಾ ಜೊತೆ ಯಾರು ಬಂದಿದ್ದೀರಿ? ಮನೆಯವರ ಹತ್ತಿರ ಡಾಕ್ಟರ್ ಮಾತಾಡಬೇಕಂತೆ."

ಯಾರೂ ಏಳಲಿಲ್ಲ. ಬಾಗಿಲ ಬಳಿ ನಾಚಿಯಮ್ಮನ ಗಂಡನ ತಂಗಿ ಚಂದ್ರಾ ಕೂತಿದ್ದಳು. ಈಗ ಎದ್ದರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ.

"ನಾನು." ನಾಚಿಯಮ್ಮ ಎದ್ದಳು.

"ನೀವು ಅವರಿಗೆ ಏನಾಗಬೇಕು?"

"ಮನೆಯವಳು."

ಚಂದ್ರಾ ಕತ್ತೆತ್ತಿ ನೋಡಿದಳು. ನಾಚಿಯಮ್ಮ ತಿರುಗಲಿಲ್ಲ.

ಡಾಕ್ಟರ್ ಮುಚ್ಚಿಡಲಿಲ್ಲ. ಹೃದಯದ ಶಕ್ತಿಯೂ ಕುಂದಿದೆ, ಮಾತ್ರೆ ತಪ್ಪಿಸುವಂತಿಲ್ಲ, ಆದರೂ ಭರವಸೆ ಕೊಡಲಾರೆ ಎಂದರು.

ಹೊರಗೆ ಬಂದಾಗ ರಾಮಲಿಂಗಂ ಅವರ ಅಂಗಿಯ ಗುಂಡಿಯನ್ನು ಅವಳೇ ಹಾಕಿದಳು.

"ಕೇಳಿಸ್ಕೊಂಡ್ಯಲ್ಲ... ಎಷ್ಟು ದಿನವೋ ಏನೋ. ಹೋಗ್ಬಿಡು ನಾಚಿ."

"ಎಲ್ಲಿಗೆ ಹೋಗ್ಲಿ? ನನ್ನ ಎಕೋ ಇನ್ನೂ ಆಗಿಲ್ಲ. ಜೊತೆ ಯಾರು ಅಂತ ನನ್ನೂ ಕೇಳ್ತಾರೆ. ಆವಾಗ ನೀವು ಎದ್ದು ನಿಂತ್ಕೋಬೇಕು."

ಅವರು ಕಣ್ಣೊರೆಸಿಕೊಂಡು ಅವಳ ಪಕ್ಕದ ಕುರ್ಚಿಯಲ್ಲಿ ಕೂತರು.

"ನಿಂತ್ಕೋತೀನಿ."